ಪ್ಲಗ್ ಕಿತ್ತು ನೋಡಿದ್ದೆ, ಮೇನ್ ಆಫ್ ಮಾಡಿ ನೋಡಿರಲಿಲ್ಲ

ಮೇ ತಿಂಗಳ ಒಂದು ಶುಕ್ರವಾರ. ಧಾರವಾಡದಲ್ಲಿ ಮಧ್ಯಾಹ್ನವೆಲ್ಲ ಮೈ ಬೇಯಿಸುವ ಸೆಕೆ. ಸಂಜೆ ಹೊತ್ತಿಗೆ ಮೋಡ ಕಟ್ಟಿ, ಗಾಳಿ ಎದ್ದು, ಆಲಿಕಲ್ಲು ಪಟಪಟ ಬೀಳೋಕೆ ಶುರುವಾಯ್ತು. 7:42ಕ್ಕೆ ಕರೆಂಟ್ ಹೋಯ್ತು. ಮಹಡಿಯ ಕೋಣೆಯಿಂದ ಯುಪಿಎಸ್ (ಕರೆಂಟ್ ಹೋದಾಗ ಕಂಪ್ಯೂಟರಿಗೆ ಬ್ಯಾಟರಿಯಿಂದ ಕರೆಂಟ್ ಕೊಡುವ ಪೆಟ್ಟಿಗೆ) ಬೀಪ್ ಬೀಪ್ ಅನ್ನೋದು ಕೇಳಿಸಿತು. ನಾನು ಎದ್ದು ಹೋಗಲಿಲ್ಲ. ಎರಡು ವಾರದ ಹಿಂದಷ್ಟೇ ಎಲ್ಲಾ ಜೋಡಿಸಿ, ಪರೀಕ್ಷೆನೂ ಮಾಡಿ ಮುಗಿಸಿದ್ದೆ. ಕರೆಂಟ್ ಬರದಿದ್ದರೆ ಮಷೀನುಗಳು ತಾವೇ ಸರಿಯಾಗಿ ಬಂದ್ ಆಗ್ತವೆ ಅಂತ ಪೂರ್ತಿ ನಂಬಿಕೆ ಇತ್ತು.

ಮರುದಿನ ಬೆಳಿಗ್ಗೆ ನೋಡಿದರೆ ಒಂದು ಫೈಲು ಸೊನ್ನೆ ಬೈಟ್ ಆಗಿತ್ತು. ಹೆಸರು ಮಾತ್ರ ಉಳಿದಿತ್ತು, ಒಳಗೆ ಏನೂ ಇರಲಿಲ್ಲ.

ಆ ಫೈಲು ಏನು ಅನ್ನೋದನ್ನ ಮೊದಲು ಹೇಳಬೇಕು. ನಮ್ಮ ಮನೆ ಮುರುಘಾಮಠದ ಹತ್ತಿರ. ಅಪ್ಪನಿಗೆ ಸಂಗೀತ ಅಂದ್ರೆ ಜೀವ. 1980ರ ದಶಕದಲ್ಲಿ ಆಕಾಶವಾಣಿ ಧಾರವಾಡದಲ್ಲಿ ಯಾರ ಗಾಯನ ಬಂದರೂ ರೇಡಿಯೋದ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಹಿಡಿದುಬಿಡುತ್ತಿದ್ದರು. ವೈರ್ ಹಾಕಿ ರೆಕಾರ್ಡ್ ಮಾಡಿದ್ದಲ್ಲ, ಮೈಕಿನಿಂದ ಮಾಡಿದ್ದು. ಹಾಗಾಗಿ ಆ ಕ್ಯಾಸೆಟ್‌ಗಳಲ್ಲಿ ಗಾಯನದ ಜೊತೆಗೆ ನಮ್ಮ ಮನೆಯೂ ಇದೆ. ಬಾಗಿಲ ಸಪ್ಪಳ ಇದೆ, ಓಣಿಯಲ್ಲಿ ಹೋಗುವ ಸೈಕಲ್ ಗಂಟೆ ಇದೆ. ಸೊನ್ನೆ ಆದ ಫೈಲು ಮಲ್ಲಿಕಾರ್ಜುನ ಮನ್ಸೂರರ ಶಿವಮತ ಭೈರವ ರಾಗದ್ದು, ಒಂದು ಬೆಳಗಿನ ಪ್ರಸಾರ. ವಿಲಂಬಿತ ಮುಗಿಯುವ ಹೊತ್ತಿಗೆ ನಮ್ಮ ಅಜ್ಜಿ ಅಡುಗೆಮನೆಯಿಂದ ಅವ್ವನಿಗೆ ಕೂಗಿ ಹೇಳ್ತಾಳೆ: ‘ಹಾಲು ಉಕ್ಕತೈತಿ, ಇಳಸವಾ.’ ಅಜ್ಜಿಯ ದನಿ ನಮ್ಮ ಹತ್ತಿರ ಬೇರೆ ಎಲ್ಲೂ ಇಲ್ಲ.

ಕ್ಯಾಸೆಟ್ ಹಾಳಾಗಿರಲಿಲ್ಲ, ಅದು ಸಮಾಧಾನ. ಆದರೆ ಮೂವತ್ತೈದು ವರ್ಷಕ್ಕೂ ಹಳೆಯ ಟೇಪು ಅದು. ಪ್ರತಿ ಸಲ ಹೆಡ್‌ಗೆ ತಾಗಿ ಓಡಿದಾಗಲೂ ಸ್ವಲ್ಪ ಸವೆಯುತ್ತೆ, ನಡುವೆ ಸಿಕ್ಕಿಕೊಂಡರೆ ಮುಗೀತು. ಅಪ್ಪ ಮೊದಲೇ ಹೇಳಿದ್ದರು: ‘ಒಂದ ಸಲ ಹಚ್ಚತೀನಿ ತಮ್ಮಾ, ಸರಿಯಾಗಿ ಹಿಡ್ಕೋ.’ ಹಾಗಾಗಿ ನಾನು ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿ, ವೇವ್ ಫೈಲನ್ನ (ಕುಗ್ಗಿಸದ ಧ್ವನಿ ಫೈಲು) ಮನೆಯ ಸರ್ವರಿಗೆ, ಅಂದ್ರೆ ಫೈಲು ಇಟ್ಟುಕೊಳ್ಳುವ ಕಂಪ್ಯೂಟರಿಗೆ ಹಾಕಿ, ಲ್ಯಾಪ್‌ಟಾಪಿನಿಂದ ಅಳಿಸಿ, ಮುಂದಿನ ಕ್ಯಾಸೆಟ್‌ಗೆ ಹೋಗ್ತಿದ್ದೆ. ಸರ್ವರಿನಲ್ಲಿ ಒಂದು ಸ್ಕ್ರಿಪ್ಟ್ (ತಾನಾಗಿ ಓಡುವ ಸಣ್ಣ ಪ್ರೋಗ್ರಾಮ್) ರಾತ್ರಿ ಹೊತ್ತು ವೇವ್‌ಗಳನ್ನ ಫ್ಲ್ಯಾಕ್‌ಗೆ, ಅಂದ್ರೆ ಗುಣಮಟ್ಟ ಕೆಡದೆ ಗಾತ್ರ ಕಡಿಮೆ ಮಾಡುವ ನಮೂನೆಗೆ ಬದಲಾಯಿಸಿ, ವೇವ್ ಅಳಿಸುತ್ತಿತ್ತು. ಹೊರಗಿನ ಡಿಸ್ಕಿಗೆ ಬ್ಯಾಕಪ್ ಆಗೋದು ಭಾನುವಾರ. ಇದು ಶುಕ್ರವಾರ.

ಈಗ ಮಷೀನುಗಳ ವಿಷಯ. ಮಹಡಿಯ ಕೋಣೆಯಲ್ಲಿ ಒಂದು ಸಣ್ಣ ಮಿನಿ ಪಿಸಿ ಇದೆ. ಅದರ ಪಕ್ಕದಲ್ಲೇ ಹಳೆಯ ಡೆಸ್ಕ್‌ಟಾಪ್ ಕ್ಯಾಬಿನೆಟ್ಟು, ಒಳಗೆ 4 ಟಿಬಿಯ ಎರಡು ಡಿಸ್ಕ್. ಅದೇ ನಮ್ಮ ಸಂಗೀತದ ಸರ್ವರ್. ಎರಡೂ ಡೆಬಿಯನ್ ಅನ್ನೋ ಲಿನಕ್ಸ್ ಮೇಲೆ ಓಡ್ತವೆ. ಯುಪಿಎಸ್ ತಂದ ದಿನ ಅಪ್ಪ ಕೇಳಿದ್ದರು: ‘ಇನ್ವರ್ಟರ್ ಐತಲ್ಲೋ, ಮತ್ತ ಇದ್ಯಾಕ?’

‘ಇನ್ನೆಷ್ಟೊತ್ತು ಕರೆಂಟ್ ಕೊಡತೀನಿ ಅಂತ ಇನ್ವರ್ಟರ್ ಮಷೀನಿಗೆ ಹೇಳಂಗಿಲ್ಲಪ್ಪಾ, ಇದು ಹೇಳತೈತಿ’ ಅಂದಿದ್ದೆ.

ನಿಜಕ್ಕೂ ಅದಕ್ಕೇ ತಂದಿದ್ದು. ನಮ್ಮ ಇನ್ವರ್ಟರ್ ಲೈನು ಫ್ಯಾನು, ಲೈಟಿಗೆ ಮಾತ್ರ. ಇದ್ದಷ್ಟು ಹೊತ್ತು ನಡೆಸುತ್ತೆ, ಮುಗಿದಾಗ ಸುಮ್ನೆ ನಿಂತುಬಿಡುತ್ತೆ. ಡಿಸ್ಕಿಗೆ ಬೇಕಾಗಿರೋದು ಮುನ್ಸೂಚನೆ. ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಯ ಅಂಗಡಿಯಲ್ಲಿ ಯುಎಸ್‌ಬಿ ಡೇಟಾ ಸಾಕೆಟ್ ಇರೋದೇ ಬೇಕು ಅಂದಾಗ ಅಂಗಡಿಯವರು, ‘ಅದನ್ನ ಯಾರೂ ಕೇಳಂಗಿಲ್ರೀ’ ಅನ್ನುತ್ತಲೇ ಒಳಗಿನಿಂದ ಒಂದು ಹುಡುಕಿ ತಂದರು. 1000 ವಿಎ ಸಾಮರ್ಥ್ಯದ ಯುಪಿಎಸ್. ನಮ್ಮ ಎರಡು ಮಷೀನು ಸೇರಿ ಎಳೆಯೋದು 90 ವ್ಯಾಟ್ ಆಸುಪಾಸು.

ಸಾಫ್ಟ್‌ವೇರ್ ನಟ್, ಅಂದ್ರೆ ನೆಟ್‌ವರ್ಕ್ ಯುಪಿಎಸ್ ಟೂಲ್ಸ್. ಯುಪಿಎಸ್‌ನ ಯುಎಸ್‌ಬಿ ವೈರ್ ಒಂದೇ ಮಷೀನಿಗೆ ಹೋಗುತ್ತೆ. ಆ ಮಷೀನು ಪ್ರೈಮರಿ. ಉಳಿದವು ಸೆಕೆಂಡರಿ. ನಮ್ಮಲ್ಲಿ ಮಿನಿ ಪಿಸಿ ಪ್ರೈಮರಿ, ಸಂಗೀತದ ಸರ್ವರ್ ಸೆಕೆಂಡರಿ. ಸೆಕೆಂಡರಿಗಳು ನೆಟ್‌ವರ್ಕ್ ಮೂಲಕ 3493ನೇ ಪೋರ್ಟಿನಲ್ಲಿ ಪ್ರೈಮರಿಯನ್ನ ಐದು ಸೆಕೆಂಡಿಗೊಮ್ಮೆ ಕೇಳ್ತಾ ಇರ್ತವೆ: ಕರೆಂಟ್ ಇದೆಯಾ? ಇದ್ದರೆ ಓಎಲ್, ಬ್ಯಾಟರಿ ಮೇಲೆ ಹೋದರೆ ಓಬಿ, ಬ್ಯಾಟರಿ ಮುಗಿಯುತ್ತಾ ಬಂದರೆ ಎಲ್‌ಬಿ. ಎಲ್‌ಬಿ ಬಂದಾಗ ಪ್ರೈಮರಿ ಎಲ್ಲರಿಗೂ ಬಂದ್ ಆಗಿ ಅಂತ ಹೇಳುತ್ತೆ, ಕೊನೆಗೆ ತಾನೂ ಬಂದ್ ಆಗುತ್ತೆ. ಬಂದ್ ಆಗುವ ಮುಂಚೆ ಯುಪಿಎಸ್‌ಗೂ ‘ಇನ್ನು ನೀನು ಸಪ್ಲೈ ಕಡಿದುಬಿಡು’ ಅನ್ನುತ್ತೆ. ಈ ಕೊನೆಯದು ಯಾಕೆ ಅಂದ್ರೆ, ಮಷೀನುಗಳು ಬಂದ್ ಆಗ್ತಾ ಇರುವಾಗಲೇ ಕರೆಂಟ್ ಬಂದುಬಿಟ್ಟರೆ ಅವಕ್ಕೆ ಕರೆಂಟ್ ಹೋಗಿದ್ದೇ ತಿಳಿಯೋದಿಲ್ಲ, ಆಮೇಲೆ ತಾವಾಗಿ ಏಳೋದೂ ಇಲ್ಲ. ಒಮ್ಮೆ ಸಪ್ಲೈ ಕಡಿದು ಮತ್ತೆ ಕೊಟ್ಟರೆ ಏಳ್ತವೆ. ಅದಕ್ಕೆ ಬಯೋಸ್‌ನಲ್ಲಿ (ಮಷೀನು ಆನ್ ಆದ ಕೂಡಲೇ ಓಡುವ ಮೂಲ ಸಾಫ್ಟ್‌ವೇರ್) ‘ಕರೆಂಟ್ ಬಂದಾಗ ಆನ್ ಆಗು’ ಅನ್ನೋ ಆಯ್ಕೆಯನ್ನೂ ಇಟ್ಟಿರಬೇಕು.

ಜೋಡಿಸುವಾಗ ಒಂದು ಸಂಜೆ ಪೂರ್ತಿ ತಿಂದದ್ದು ಒಂದೇ ಸಾಲು. ನಟ್‌ನ ಸರ್ವರ್ ಭಾಗ ತಾನಾಗಿ ತನ್ನ ಮಷೀನಿನ ಒಳಗಿನವರ ಮಾತು ಮಾತ್ರ ಕೇಳುತ್ತೆ. ಬೇರೆ ಮಷೀನಿನ ಮಾತೂ ಕೇಳು ಅಂತ ಲಿಸನ್ ಸಾಲು ಬರೀಬೇಕು. ಅದು ಆದ ಮೇಲೆ ಎಲ್ಲಾ ಸಲೀಸು. ಭಾನುವಾರ ಯುಪಿಎಸ್‌ನ ಪ್ಲಗ್ಗನ್ನ ಗೋಡೆಯಿಂದ ಕಿತ್ತು ನೋಡಿದೆ. ಮೊದಲು ಸಂಗೀತದ ಸರ್ವರ್, ಆಮೇಲೆ ಮಿನಿ ಪಿಸಿ, ಕೊನೆಗೆ ಯುಪಿಎಸ್ ಟಕ್ ಅಂತ ಬಂದ್. ಪ್ಲಗ್ ಹಾಕಿದ ಸ್ವಲ್ಪ ಹೊತ್ತಿಗೆ ಎಲ್ಲಾ ಎದ್ದವು. ಅಪ್ಪನನ್ನ ಕರೆದು ತೋರಿಸಿದ್ದೆ ಕೂಡ.

ಹಾಗಿದ್ದರೆ ಶುಕ್ರವಾರ ಏನಾಯ್ತು? ಶನಿವಾರ ಬೆಳಿಗ್ಗೆ ಲಾಗ್, ಅಂದ್ರೆ ಮಷೀನುಗಳು ತಾವೇ ಬರೆದಿಡುವ ದಿನಚರಿ ತೆಗೆದು ಕೂತೆ. ಮಿನಿ ಪಿಸಿಯ ಲಾಗ್ ನೋಡಿದರೆ ತಪ್ಪೇ ಇಲ್ಲ. 7:42ಕ್ಕೆ ಓಬಿ. 11 ನಿಮಿಷ ಆದ ಮೇಲೆ ಎಲ್‌ಬಿ. ಆಮೇಲೆ ಬಂದ್. ಸಂಗೀತದ ಸರ್ವರಿನ ಲಾಗಿನಲ್ಲಿ ಓಬಿ ಅನ್ನೋ ಪದವೇ ಇಲ್ಲ. 7:42ಕ್ಕೆ ಒಂದು ಸಾಲು: ಯುಪಿಎಸ್ ಜೊತೆ ಸಂಪರ್ಕ ತಪ್ಪಿದೆ. ಅದಾದ ಮೇಲೆ ಫ್ಲ್ಯಾಕ್ ಸ್ಕ್ರಿಪ್ಟಿನ ಸಾಲುಗಳು, ಒಂದರ ಹಿಂದೆ ಒಂದು ಫೈಲು ಮುಗಿದ ಲೆಕ್ಕ. ಶಿವಮತ ಭೈರವ ಮುಗೀತು ಅನ್ನೋ ಸಾಲಿನ ಕೆಳಗೆ ಖಾಲಿ.

ಗದಗಿನ ಗೆಳೆಯನಿಗೆ ಫೋನ್ ಹಚ್ಚಿದೆ. ಅವನು ಹದಿನೈದು ವರ್ಷದಿಂದ ಇದೇ ಕೆಲಸದಲ್ಲಿದ್ದಾನೆ. ಎಲ್ಲಾ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ.

‘ದೋಸ್ತ, ಟೆಸ್ಟ್ ಹೆಂಗ ಮಾಡಿದ್ದಿ?’

‘ಯುಪಿಎಸ್ ಪ್ಲಗ್ ಕಿತ್ತೆ.’

‘ಅವಾಗ ಮನ್ಯಾಗ ಕರೆಂಟ್ ಇತ್ತಲ್ಲ?’

ಆ ಮಾತು ಕೇಳಿ ಎದೆ ಧಸಕ್ ಅಂತು. ಕೆಳಗೆ ಹಾಲ್‌ಗೆ ಹೋಗಿ ಟಿವಿ ಕೆಳಗೆ ಬಗ್ಗಿ ನೋಡಿದೆ. ಫೈಬರ್ ಬಾಕ್ಸು, ರೂಟರ್, ಐದು ಪೋರ್ಟಿನ ನೆಟ್‌ವರ್ಕ್ ಸ್ವಿಚ್, ಅಂದ್ರೆ ಮಷೀನುಗಳ ಕೇಬಲ್‌ಗಳನ್ನ ಒಂದಕ್ಕೊಂದು ಕೂಡಿಸುವ ಪೆಟ್ಟಿಗೆ. ಮಹಡಿಯ ಎರಡೂ ಮಷೀನುಗಳ ಕೇಬಲ್ ಮೆಟ್ಟಿಲಗುಂಟ ಇಳಿದು ಈ ಸ್ವಿಚ್ಚಿಗೆ ಬರ್ತವೆ. ಆ ಎರಡು ಮಷೀನುಗಳ ನಡುವೆ ಒಂದು ಗೇಣು ಜಾಗ ಇಲ್ಲ. ಆದರೆ ಒಂದರ ಮಾತು ಇನ್ನೊಂದಕ್ಕೆ ಮುಟ್ಟಬೇಕಾದರೆ ಹಾಲ್‌ಗೆ ಇಳಿದು ಬಂದು, ಮತ್ತೆ ಮೇಲೆ ಹತ್ತಬೇಕು. ಆ ಟಿವಿ ಪಾಯಿಂಟು ಯುಪಿಎಸ್ ಮೇಲೂ ಇಲ್ಲ, ಇನ್ವರ್ಟರ್ ಮೇಲೂ ಇಲ್ಲ.

ಭಾನುವಾರ ನಾನು ಪ್ಲಗ್ ಕಿತ್ತಾಗ ಹಾಲ್‌ನಲ್ಲಿ ಕರೆಂಟ್ ಇತ್ತು, ಸ್ವಿಚ್ಚು ಜೀವಂತ ಇತ್ತು, ಸುದ್ದಿ ಮುಟ್ಟಿತು. ಶುಕ್ರವಾರ ಇಡೀ ಮನೆಯ ಕರೆಂಟ್ ಹೋದಾಗ ಸ್ವಿಚ್ಚೂ ಅದೇ ಕ್ಷಣಕ್ಕೆ ಹೋಯ್ತು. ಸಂಗೀತದ ಸರ್ವರಿಗೆ ಕೊನೆಯದಾಗಿ ತಿಳಿದ ಸುದ್ದಿ ಓಎಲ್, ಅಂದ್ರೆ ಕರೆಂಟ್ ಇದೆ. ಇಲ್ಲೊಂದು ಸೂಕ್ಷ್ಮ ಇದೆ. ಕೊನೆಗೆ ಕೇಳಿದ್ದು ಓಬಿ ಆಗಿದ್ದು, ಆಮೇಲೆ ಸಂಪರ್ಕ ತಪ್ಪಿದ್ದರೆ, ನಟ್ ಅದನ್ನ ಅಪಾಯ ಅಂತ ತಿಳಿದು ತಾನೇ ಬಂದ್ ಆಗುತ್ತೆ. ಸ್ವಿಚ್ಚು ಹತ್ತು ಸೆಕೆಂಡ್ ತಡವಾಗಿ ಸತ್ತಿದ್ದರೂ ಸಾಕಿತ್ತು. ಓಎಲ್ ಇದ್ದಾಗ ಸಂಪರ್ಕ ತಪ್ಪಿದರೆ ಮಾತ್ರ ಅದು ಒಂದು ಸಾಲು ಬರೆದು ತನ್ನ ಕೆಲಸ ಮುಂದುವರಿಸುತ್ತೆ. ಕೇಬಲ್ ಸಡಿಲ ಆದಾಗೆಲ್ಲ ಸರ್ವರ್ ಬಂದ್ ಆಗಬಾರದಲ್ವಾ? ಆ ಲೆಕ್ಕ ಸರಿಯಾದದ್ದೇ.

ಇನ್ನು ಮಿನಿ ಪಿಸಿ. ಬ್ಯಾಟರಿ ಮುಗಿಯುವ ಹೊತ್ತಿಗೆ ಅದರ ಲೆಕ್ಕದಲ್ಲಿ ಯಾರೂ ಸಂಪರ್ಕದಲ್ಲಿ ಇರಲಿಲ್ಲ. ಇದ್ದಿದ್ದರೂ 15 ಸೆಕೆಂಡಿಗಿಂತ ಜಾಸ್ತಿ ಕಾಯುತ್ತಿರಲಿಲ್ಲ. ತಾನು ನೀಟಾಗಿ ಬಂದ್ ಆಗಿ, ಯುಪಿಎಸ್‌ಗೆ ಸಪ್ಲೈ ಕಡಿ ಅಂತು. ಪಕ್ಕದಲ್ಲೇ ಡಿಸ್ಕ್ ತಿರುಗಿಸುತ್ತಾ ಕೆಲಸ ಮಾಡ್ತಿದ್ದ ಸರ್ವರಿನ ಕರೆಂಟನ್ನ ಕಡಿದದ್ದು ನಾನೇ ಬರೆದ ಕಮಾಂಡು. ಲಿನಕ್ಸ್ ಹೊಸದಾಗಿ ಬರೆದದ್ದನ್ನ ಅರ್ಧ ನಿಮಿಷದವರೆಗೂ ರ‍್ಯಾಮ್‌ನಲ್ಲಿ (ಕರೆಂಟ್ ಹೋದರೆ ಅಳಿಸಿಹೋಗುವ ನೆನಪು) ಇಟ್ಟುಕೊಂಡು ಆಮೇಲೆ ಡಿಸ್ಕಿಗೆ ಹಾಕಬಹುದು. ಫೈಲಿನ ಹೆಸರು, ಹಳೆಯ ವೇವ್ ಅಳಿಸಿದ ಲೆಕ್ಕ, ಇವು ಮಾತ್ರ ಅದಕ್ಕಿಂತ ಬೇಗ ಡಿಸ್ಕಿಗೆ ಹೋಗ್ತವೆ. ಹಾಗಾಗಿ ಹೊಸದರ ಹೆಸರು ಉಳೀತು, ಹಳೆಯದು ಅಳಿಸಿಹೋಯ್ತು, ಸಂಗೀತ ರ‍್ಯಾಮ್‌ನಲ್ಲೇ ಹೋಯ್ತು.

ಅಪ್ಪನಿಗೆ ಹೇಳಿದೆ. ಬೈಯಲಿಲ್ಲ. ಕ್ಯಾಸೆಟ್ಟನ್ನ ಕಪಾಟಿನಿಂದ ತೆಗೆದು ತಮ್ಮ ಅಂಗಿ ಕಿಸೆಯಲ್ಲಿ ಇಟ್ಟುಕೊಂಡರು. ‘ಮೊದಲ ಅದನ್ನ ಸರಿ ಮಾಡು. ಆಮ್ಯಾಲ ಇದನ್ನ ಕೊಡತೀನಿ’ ಅಂದರು.

ಆ ವಾರ ಪೂರ್ತಿ ಅದೇ ಕೆಲಸ. ಒಂದು ಸಣ್ಣ ಸ್ವಿಚ್ ತಂದು ಮಹಡಿಯಲ್ಲೇ ಇಟ್ಟು ಯುಪಿಎಸ್‌ಗೆ ಹಾಕಿದೆ. ಎರಡು ಮಷೀನು ಅಲ್ಲೇ ಮಾತಾಡಿಕೊಳ್ಳಲಿ, ಹಾಲ್‌ಗೆ ಇಳಿಯೋದೇ ಬೇಡ. ಎರಡಕ್ಕೂ ಸ್ಥಿರ ಐಪಿ ಕೊಟ್ಟೆ. ರೂಟರ್ ಬಂದ್ ಆದರೂ ವಿಳಾಸ ತಪ್ಪಬಾರದು.

ಕಾಯುವ ಸಮಯವನ್ನ ಬದಲಾಯಿಸಿದೆ. ಇದು ನನಗೆ ಗೊತ್ತೇ ಇರಲಿಲ್ಲ. ಸೆಕೆಂಡರಿ ‘ನಾನು ಹೊರಟೆ’ ಅಂದ ಕೂಡಲೇ ಪ್ರೈಮರಿ ಅದನ್ನ ಲೆಕ್ಕದಿಂದ ತೆಗೆದು ಮುಂದಿನ ಕೆಲಸಕ್ಕೆ ಹೋಗುತ್ತೆ. ನಮ್ಮ ಕಡೆ ಬೀಗರು ‘ಬರ್ತೀವ್ರೀ’ ಅಂತ ಎದ್ದ ಮೇಲೂ ಬಾಗಿಲಲ್ಲಿ ಅರ್ಧ ತಾಸು ಮಾತಾಡ್ತಾ ನಿಂತಿರ್ತಾರಲ್ಲ, ಸರ್ವರೂ ಹಾಗೇ. ಹೊರಟೆ ಅಂದ ಮೇಲೆ ಡಿಸ್ಕಿಗೆ ಬರೆಯೋದೆಲ್ಲ ಬರೆದು ನಿಜವಾಗಿ ಬಂದ್ ಆಗೋಕೆ ನಮ್ಮ ಸರ್ವರಿಗೆ 50 ಸೆಕೆಂಡ್ ಬೇಕು, ಗಡಿಯಾರ ಹಿಡಿದು ನೋಡಿದೆ. ಪ್ರೈಮರಿಯ ಫೈನಲ್‌ಡಿಲೇ, ಅಂದ್ರೆ ತಾನು ಬಂದ್ ಆಗುವ ಮುಂಚೆ ಕೊನೆಗೆ ಕಾಯುವ ಹೊತ್ತು, ಮೊದಲಿನಿಂದ 5 ಸೆಕೆಂಡ್ ಇರುತ್ತೆ. ಅದನ್ನ 90 ಮಾಡಿದೆ.

ಸಂಗೀತದ ಸರ್ವರಿಗೆ ಎಲ್‌ಬಿವರೆಗೆ ಕಾಯೋದೇ ಬೇಡ ಅನ್ನಿಸಿತು. ಓಬಿ ಬಂದು ಮೂರು ನಿಮಿಷ ಆದರೂ ಕರೆಂಟ್ ಬರದಿದ್ದರೆ ತಾನೇ ಬಂದ್ ಆಗುವಂತೆ ಟೈಮರ್ ಇಟ್ಟೆ, ಕರೆಂಟ್ ಬಂದರೆ ಟೈಮರ್ ರದ್ದು. ಸಂಪರ್ಕ ತಪ್ಪಿದಾಗಲೂ ಇನ್ನೊಂದು ಟೈಮರ್, ನಾಲ್ಕು ನಿಮಿಷದ್ದು. ಸುದ್ದಿ ಬರ್ತಿಲ್ಲ ಅನ್ನೋದೂ ಒಂದು ಸುದ್ದಿ ಅಂತ ಅದಕ್ಕೆ ಕಲಿಸಬೇಕಿತ್ತು. ಕೇಬಲ್ ಸಡಿಲಾಗಿ ಸುಮ್ಸುಮ್ನೆ ಬಂದ್ ಆದರೂ ಪರವಾಗಿಲ್ಲ, ನಾನೇ ಹೋಗಿ ಆನ್ ಮಾಡ್ತೀನಿ. ಫ್ಲ್ಯಾಕ್ ಸ್ಕ್ರಿಪ್ಟು ಈಗ ಹೊಸ ಫೈಲನ್ನ ಡಿಸ್ಕಿಗೆ ಹಾಕಿಸಿ, ಸರಿ ಇದೆಯಾ ಅಂತ ನೋಡಿ, ವೇವನ್ನ ಭಾನುವಾರದ ಬ್ಯಾಕಪ್ ಆಗೋವರೆಗೂ ಅಳಿಸೋದಿಲ್ಲ.

ಮುಂದಿನ ಭಾನುವಾರ ಮತ್ತೆ ಪರೀಕ್ಷೆ. ಈ ಸಲ ಪ್ಲಗ್ ಕೀಳಲಿಲ್ಲ. ಅಪ್ಪ ಪಡಸಾಲೆಯಲ್ಲಿ ಮೇನ್ ಸ್ವಿಚ್ ಹತ್ತಿರ ನಿಂತರು, ನಾನು ಮಹಡಿಯಲ್ಲಿ. ಇನ್ವರ್ಟರನ್ನೂ ಆಫ್ ಮಾಡಿದ್ದೆವು.

‘ಹೊಡೀಲೇನು?’

‘ಹೊಡೀರಿ ಅಪ್ಪಾ.’

ಫ್ಯಾನ್ ನಿಂತಿತು. ಕೆಳಗೆ ಫ್ರಿಜ್ಜಿನ ಸದ್ದು ನಿಂತಿತು. ಬೀಪ್ ಶುರುವಾಯ್ತು. ಹೊಸ ಸ್ವಿಚ್ಚಿನ ಹಸಿರು ದೀಪ ಮಿಣುಕ್ತಾನೇ ಇತ್ತು. ಮೂರು ನಿಮಿಷಕ್ಕೆ ಸಂಗೀತದ ಸರ್ವರ್ ಹೊರಟಿತು. ಡಿಸ್ಕಿನ ದೀಪ ಜೋರಾಗಿ ಮಿನುಗಿ, ಆಮೇಲೆ ಮೆಲ್ಲಗಾಗಿ, ಡಿಸ್ಕುಗಳು ತಿರುಗೋದು ನಿಂತ ಸಣ್ಣ ಸದ್ದು ಕೇಳಿಸಿತು. ಮಿನಿ ಪಿಸಿ ಬ್ಯಾಟರಿ ಮುಗಿಯೋವರೆಗೂ ಇದ್ದು ಆಮೇಲೆ ಹೋಯ್ತು. ಕೊನೆಗೆ ಯುಪಿಎಸ್ ಟಕ್ ಅಂತು. ಅಪ್ಪ ಮೇನ್ ಹಾಕಿದರು. ಎಲ್ಲಾ ಒಂದೊಂದಾಗಿ ಎದ್ದವು. ಅದು ಸಾಲದು ಅಂತ ಇನ್ನೊಂದು ಸಲ ಮಾಡಿದೆವು, ಈ ಸಲ ಸರ್ವರಿನ ನೆಟ್‌ವರ್ಕ್ ಕೇಬಲ್ ಕಿತ್ತು. ನಾಲ್ಕು ನಿಮಿಷ ಸುಮ್ನಿದ್ದು ತಾನೇ ಬಂದ್ ಆಯ್ತು.

ಅಪ್ಪ ಮೇಲೆ ಬಂದು ಕಿಸೆಯಿಂದ ಕ್ಯಾಸೆಟ್ ತೆಗೆದರು. ಪೆನ್ಸಿಲ್ ಹಾಕಿ ಟೇಪಿನ ಸಡಿಲನ್ನ ಬಿಗಿ ಮಾಡಿದರು. ಹತ್ತಿಗೆ ಸ್ಪಿರಿಟ್ ಹಚ್ಚಿ ಹೆಡ್ ಒರೆಸಿದರು. ಪ್ಲೇ ಒತ್ತಿದರು, ನಾನು ರೆಕಾರ್ಡ್ ಒತ್ತಿದೆ. 45 ನಿಮಿಷ ಇಬ್ಬರೂ ಅಲುಗಾಡದೆ ಕೂತೆವು. ಅಜ್ಜಿ ಹಾಲು ಇಳಸವಾ ಅಂದಾಗ ಅವ್ವ ಬಾಗಿಲಿಗೆ ಬಂದು ನಿಂತಿದ್ದಳು.

ಸೈಡ್ ಮುಗಿದು ಬಟನ್ ಮೇಲೆದ್ದಿತು. ಫೈಲ್ ಉಳಿಸಿ, ಸರ್ವರಿಗೆ ಹಾಕಿ, ಗಾತ್ರ ನೋಡಿದೆ. 476 ಎಂಬಿ.

‘ಸೊನ್ನಿ ಇಲ್ಲಲಾ?’ ಅಂದರು ಅಪ್ಪ.

‘ಇಲ್ಲಪ್ಪಾ.’