ಲಿವರ್ ಯಂತ್ರದಿಂದ ಹಬೆ ಸೋರುತ್ತಿದ್ದರೆ ಎಲ್ಲ ಗ್ಯಾಸ್ಕೆಟ್ ಬದಲಿಸಬೇಕೇ?

ಸೆಕೆಂಡ್ ಹ್ಯಾಂಡ್ ಲಿವರ್ ಎಸ್ಪ್ರೆಸೊ ಯಂತ್ರ (ಹಿಡಿ ಎಳೆದು ಒತ್ತಡದಲ್ಲಿ ಕಾಫಿ ಇಳಿಸುವ ಯಂತ್ರ) ಕೊಂಡವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು: "ಹಬೆ ಸೋರ್ತಾ ಇದೆ. ಗ್ಯಾಸ್ಕೆಟ್ ಸೆಟ್ ತರಿಸಿ ಪೂರ್ತಿ ಬಿಚ್ಚಿಬಿಡಲಾ?"

ಬೇಡ. ಮೊದಲು ಹಬೆ ಎಲ್ಲಿಂದ ಬರುತ್ತಿದೆ ಅಂತ ಪತ್ತೆ ಮಾಡಿ. ಸಾಮಾನ್ಯವಾಗಿ ಕೆಟ್ಟಿರುವುದು ಒಂದೋ ಎರಡೋ ಜಾಗ ಮಾತ್ರ. ಚೆನ್ನಾಗಿ ಕೂತಿರುವ ಹಳೆಯ ಜೋಡಣೆಗಳನ್ನು ಸುಮ್ಮನೆ ಕದಲಿಸಿದರೆ ಅಲ್ಲಿ ಹೊಸದಾಗಿ ಸೋರಲು ಶುರುವಾಗುತ್ತದೆ. ಹಾಗಂತ ಸೋರಿಕೆಯನ್ನು ಹಾಗೇ ಬಿಡಲೂಬಾರದು. ಬಾಯ್ಲರಿನ ನೀರು ಗೊತ್ತಾಗದಂತೆ ಇಳಿದು ಹೀಟರ್ ನೀರಿನಿಂದ ಮೇಲೆ ಬಂದರೆ ಅದು ಸುಟ್ಟುಹೋಗುತ್ತದೆ. ಗ್ಯಾಸ್ಕೆಟ್ಟಿಗಿಂತ ಅದು ಎಷ್ಟೋ ಪಟ್ಟು ದುಬಾರಿ.

ಹುಡುಕುವಾಗ ಒಂದು ವಿಷಯ ನೆನಪಿರಲಿ. ಹಬೆ ಕಣ್ಣಿಗೆ ಕಾಣುವುದಿಲ್ಲ. ನಮಗೆ ಬೆಳ್ಳಗೆ ಕಾಣುವುದು ಅದು ಹೊರಗೆ ಬಂದು ತಣ್ಣಗಾದ ಮೇಲೆ ಆಗುವ ಹನಿಗಳು. ಆದ್ದರಿಂದ ಬಿಳಿ ಹೊಗೆ ಕಾಣುವ ಕಡೆ ತೂತು ಇರುವುದಿಲ್ಲ, ಸ್ವಲ್ಪ ಹಿಂದೆ ಇರುತ್ತದೆ. ಉದ್ದ ಹಿಡಿಯ ತಣ್ಣನೆಯ ಸ್ಟೀಲ್ ಚಮಚವನ್ನು ಒಂದೊಂದೇ ಜೋಡಣೆಯ ಹತ್ತಿರ ಹಿಡಿಯಿರಿ. ಸೋರುವ ಕಡೆ ಅದರ ಮೇಲೆ ತಟ್ಟನೆ ಮಂಜು ಕೂರುತ್ತದೆ. ಬೆರಳು ಮಾತ್ರ ಬೇಡ: 1 ಬಾರ್ ಒತ್ತಡದಲ್ಲಿ ಬಾಯ್ಲರ್ ಒಳಗಿನ ಶಾಖ ಸುಮಾರು 120 ಡಿಗ್ರಿ. ಯಂತ್ರ ತಣ್ಣಗಿದ್ದಾಗಲೂ ಗುರುತು ಸಿಗುತ್ತದೆ. ನಟ್ಟಿನ ಸುತ್ತ ಸುಣ್ಣದ ಬಿಳಿ ಗೆರೆ, ಹಿತ್ತಾಳೆಯ ಮೇಲೆ ಹಸಿರು ಕಿಲುಬು ಇದ್ದರೆ ಅಲ್ಲಿ ಬಹಳ ದಿನದಿಂದ ಸೋರುತ್ತಿದೆ ಎಂದೇ ಅರ್ಥ.

ಬುಸ್ ಅನ್ನುವ ಸದ್ದೆಲ್ಲ ಸೋರಿಕೆಯಲ್ಲ. ಕೆಲವು ಯಂತ್ರಗಳಲ್ಲಿ ವ್ಯಾಕ್ಯೂಮ್ ಬ್ರೇಕರ್ ಎಂಬ ಪುಟ್ಟ ವಾಲ್ವ್ ಇರುತ್ತದೆ. ಬಿಸಿಯಾಗುವಾಗ ಅದು ಒಳಗಿನ ಗಾಳಿಯನ್ನು ಹೊರಬಿಟ್ಟು, ಆಮೇಲೆ ತಾನೇ ಮುಚ್ಚಿಕೊಳ್ಳುತ್ತದೆ. 1961ರಲ್ಲಿ ಬಂದ ಇಟಲಿಯ ಲಿವರ್ ಯಂತ್ರ ಲಾ ಪಾವೊನಿ ಯೂರೋಪಿಕೊಲಾದ ಹಳೆಯ ಮಾದರಿಗಳಲ್ಲಿ ಪ್ರೆಷರ್‌ಸ್ಟಾಟ್ (ಒತ್ತಡ ನೋಡಿ ಹೀಟರನ್ನು ತಾನೇ ಆನ್-ಆಫ್ ಮಾಡುವ ಸ್ವಿಚ್) ಇಲ್ಲ, ಎರಡು ಹಂತದ ಸ್ವಿಚ್ ಇದೆ. ಸೇಫ್ಟಿ ವಾಲ್ವ್ ಸದ್ದು ಮಾಡಿದಾಗ ಆ ಸ್ವಿಚ್ಚನ್ನು ಕೆಳಗಿನ ಹಂತಕ್ಕೆ ಇಳಿಸಬೇಕು. ಅದು ಆ ಯಂತ್ರ ಕೆಲಸ ಮಾಡುವ ರೀತಿ.

ನಾನು ಹೆಚ್ಚಾಗಿ ನೋಡಿರುವುದು ಹಬೆ ಬಿಡುವ ನಾಬಿನ ಕಡ್ಡಿಯ ಸುತ್ತ ಆಗುವ ಸೋರಿಕೆ. ನಾಬ್ ತೆರೆದಾಗ ಮಾತ್ರ ಅದರ ಬುಡದಿಂದ ಹಬೆ ಬಂದರೆ ತಪ್ಪು ಪ್ಯಾಕಿಂಗಿನದು, ಅಂದರೆ ಕಡ್ಡಿಯ ಸುತ್ತ ಹಬೆ ತಡೆಯಲು ತುಂಬಿರುವ ಸೀಲಿನದು. ಯಂತ್ರ ತಣ್ಣಗಾಗಲಿ, ಪ್ಲಗ್ ತೆಗೆಯಿರಿ. ನಾಬ್ ಕಳಚಿ, ಪ್ಯಾಕಿಂಗನ್ನು ಒತ್ತಿ ಹಿಡಿಯುವ ಒಳಗಿನ ಗ್ಲ್ಯಾಂಡ್ ನಟ್ಟನ್ನು ಕೂದಲೆಳೆಯಷ್ಟು ಬಿಗಿ ಮಾಡಿ. ಎಷ್ಟೋ ಸಲ ಕೆಲಸ ಅಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ ನಟ್ ಪೂರ್ತಿ ಬಿಚ್ಚಿ ಹಳೆಯ ಪ್ಯಾಕಿಂಗನ್ನು ಮರದ ಕಡ್ಡಿಯಿಂದ ಕೆದಕಿ ತೆಗೆಯಿರಿ. ಸೂಜಿ, ಸ್ಕ್ರೂಡ್ರೈವರ್ ಬೇಡ. ನಾಬಿನ ನುಣುಪಾದ ಕಡ್ಡಿಯ ಮೇಲೆ ಒಂದು ಗೀರು ಬಿದ್ದರೂ ಹೊಸ ಪ್ಯಾಕಿಂಗ್ ನಿಲ್ಲುವುದಿಲ್ಲ. ಟೆಫ್ಲಾನ್ ಟೇಪನ್ನು ಹುರಿ ಹೊಸೆದು, ನಟ್ ಬಿಗಿಯಾಗುವ ದಿಕ್ಕಿನಲ್ಲೇ ಕಡ್ಡಿಗೆ ಸುತ್ತಿ ಒಳಗೆ ಕೂರಿಸಿ. ನಾಬ್ ಹಗುರವಾಗಿ ತಿರುಗಬೇಕು, ಹಬೆ ನಿಲ್ಲಬೇಕು. ಅದಕ್ಕಿಂತ ಹೆಚ್ಚು ಬಿಗಿ ಬೇಕಿಲ್ಲ. ಟೆಫ್ಲಾನ್ ಶಾಖಕ್ಕೆ ಅಮರಿಕೊಳ್ಳುತ್ತದೆ. ಹಾಗಾಗಿ ಒಂದೆರಡು ಸಲ ಬಿಸಿಯಾಗಿ ತಣ್ಣಗಾದ ಮೇಲೆ ಇನ್ನೊಮ್ಮೆ ತುಸು ಬಿಗಿ ಮಾಡಿ. ಪ್ಯಾಕಿಂಗ್ ಬದಲು ಓ-ರಿಂಗ್ (ದುಂಡನೆಯ ರಬ್ಬರ್ ಬಳೆ) ಇರುವ ವಾಲ್ವಿಗೆ ಅದೇ ಅಳತೆಯ, ಹಬೆಯ ಶಾಖ ತಡೆಯುವ ಇಪಿಡಿಎಂ ರಬ್ಬರಿನ ಓ-ರಿಂಗ್ ಹಾಕಿ.

ನಾಬ್ ಮುಚ್ಚಿದ್ದರೂ ಹಬೆಕೊಳವೆಯ ತುದಿಯಲ್ಲಿ ತೊಟ್ಟಿಕ್ಕುತ್ತಿದ್ದರೆ ಅದು ಬೇರೆ ಕಥೆ. ವಾಲ್ವ್ ಮುಚ್ಚುವ ಜಾಗದಲ್ಲಿ ಸುಣ್ಣ ಕೂತಿರುತ್ತದೆ, ಇಲ್ಲವೇ ಸೀಲ್ ಸವೆದಿರುತ್ತದೆ. ಇದಕ್ಕೆ ನಾಬನ್ನು ಶಕ್ತಿ ಹಾಕಿ ತಿರುಗಿಸುವವರೇ ಜಾಸ್ತಿ. ಪ್ರತಿ ಸಲ ಹಾಗೆ ಮಾಡಿದಾಗಲೂ ಮೆತ್ತನೆಯ ಸೀಲಿನ ಮೇಲೆ ತಗ್ಗು ಇನ್ನಷ್ಟು ಆಳವಾಗುತ್ತದೆ. ವಾಲ್ವ್ ಬಿಚ್ಚಿ ಸಿಟ್ರಿಕ್ ಆಸಿಡ್ ನೀರಿನಲ್ಲಿ ನೆನೆಸಿ, ತೊಳೆದು ನೋಡಿ. ಆಗಲೂ ನಿಲ್ಲದಿದ್ದರೆ ಸೀಲ್ ಬದಲಿಸಿ.

ಬಾಯ್ಲರ್ ಮುಚ್ಚಳ ಮತ್ತು ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯ ವಾಷರ್‌ಗಳನ್ನು ಬದಲಿಸುವುದು ಸುಲಭ. ಗಾಜಿನ ಕೊಳವೆಯನ್ನು ಹಿಡಿಯುವ ನಟ್ ಮಾತ್ರ ಕೈಯಲ್ಲೇ ಬಿಗಿ ಮಾಡಿ.

ಸೇಫ್ಟಿ ವಾಲ್ವಿನ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಅಲ್ಲಿ ಸೋರಿದರೆ ಒಳಗಿನ ಗುಂಡು, ಸ್ಪ್ರಿಂಗ್ ಸ್ವಚ್ಛಮಾಡಿ ಅಥವಾ ಇಡೀ ವಾಲ್ವನ್ನೇ ಹೊಸದು ಹಾಕಿ. ಟೇಪ್ ಸುತ್ತಿ ಬಂದ್ ಮಾಡುವುದು, ಸ್ಪ್ರಿಂಗನ್ನು ಇನ್ನಷ್ಟು ಒತ್ತುವುದು ಬೇಡವೇ ಬೇಡ. ಬಾಯ್ಲರ್ ಸಿಡಿಯದಂತೆ ಕಾಯುವ ಕೊನೆಯ ರಕ್ಷಣೆ ಅದು.

ಇನ್ನೊಂದು ಮಾತು. ಸುಣ್ಣ ತೆಗೆದ ಮೇಲೆ ಹೊಸ ಸೋರಿಕೆ ಕಂಡರೆ ಆಸಿಡ್ಡನ್ನು ಬೈಯಬೇಡಿ. ಸವೆದ ಗ್ಯಾಸ್ಕೆಟ್ಟಿನ ಸಂದನ್ನು ಅಷ್ಟು ದಿನ ಆ ಸುಣ್ಣವೇ ಮುಚ್ಚಿಕೊಂಡಿತ್ತು. ಆಗ ಆ ಗ್ಯಾಸ್ಕೆಟ್ ಬದಲಿಸಲೇಬೇಕು. ಬಹಳ ಹಳೆಯ ಯಂತ್ರವಾದರೆ ಬಾಯ್ಲರ್ ಮತ್ತು ಹೀಟರ್ ನಡುವಿನ ಬೂದುಬಣ್ಣದ ನಾರಿನ ಗ್ಯಾಸ್ಕೆಟ್, ಧೂಳು ಶ್ವಾಸಕೋಶಕ್ಕೆ ಹಾನಿ ಮಾಡುವ ಆಸ್ಬೆಸ್ಟಾಸಿನದು ಇರಬಹುದು. ಅದನ್ನು ಒಣಗಿದ್ದಾಗ ಕೆರೆಯಬೇಡಿ, ಆ ಭಾಗವನ್ನು ತಿಳಿದ ಮೆಕ್ಯಾನಿಕ್ ಕೈಗೆ ಕೊಡಿ.