ಅಕ್ಕ ಇನ್ನೂ ಹೂಂ ಅಂದಿಲ್ಲ

14 ಡಿಸೆಂಬರ್ 2025, ಭಾನುವಾರ
ಸೋಮವಾರಪೇಟೆ

ಅಕ್ಕ ಬಂದಾಗ ತಮ್ಮ ಮಲಗಿದ್ದ. ಎಬ್ಬಿಸಬೇಡ ಅಂದಳು. ಇಬ್ಬರೂ ಜಗಲಿಯಲ್ಲಿ ಕೂತೆವು. ಮೋಡ ಕವಿದಿತ್ತು, ಕಣದಲ್ಲಿ ಕಾಫಿ ಹಾಗೇ ಹರಡಿತ್ತು. ಆಳುಗಳು ನಾಳೆ ಬರುವುದೂ ಅನುಮಾನ. ಆ ಮಾತಲ್ಲೇ ಸ್ವಲ್ಪ ಹೊತ್ತು ಕಳೆದೆವು. ಆಮೇಲೆ ನಾನೇ ಶುರು ಮಾಡಿದೆ. "ಅಕ್ಕ, ಆ ರಕ್ತದ ಟೆಸ್ಟು..."

ಅವಳು ಸೆರಗು ಎಳೆದುಕೊಂಡಳು. "ಮೇ ತಿಂಗಳು ಕಳೀಲಿ."

ಮೇನಲ್ಲಿ ಅವಳ ಮಗಳ ಮದುವೆ.

ತಮ್ಮನಿಗೆ ಕಿಡ್ನಿ ಕ್ಯಾನ್ಸರ್. ಮೈಸೂರಿನಲ್ಲಿ ಮೊದಲು ಪ್ಯಾಪಿಲರಿ ಅನ್ನೋ ಜಾತಿಯದು ಅಂತ ಬರೆದುಕೊಟ್ಟಿದ್ದರು. ಗಡ್ಡೆಯ ಚೂರನ್ನು ಮೇಣದಲ್ಲಿ ಕೂರಿಸಿದ ಬ್ಲಾಕ್ ಬೆಂಗಳೂರಿಗೆ ಹೋದ ಮೇಲೆ ಗೊತ್ತಾಯಿತು, ಇದು ಎಫ್‌ಎಚ್ ಅನ್ನೋ ಜೀನ್ ಕೆಟ್ಟು ಬರುವ ಕಿಡ್ನಿ ಕ್ಯಾನ್ಸರ್. ತೀರಾ ಅಪರೂಪದ್ದು. ಗಡ್ಡೆ ಚಿಕ್ಕದಿರುವಾಗಲೇ ಹರಡಿಬಿಡಬಹುದು. ತಮ್ಮನಿಗೆ ಆಗಲೇ ಲಿವರ್‌ಗೂ ಬೆನ್ನುಮೂಳೆಗೂ ಹೋಗಿತ್ತು. ಕಿಡ್ನಿ ಕ್ಯಾನ್ಸರ್ ಬಂದವರಲ್ಲಿ ಮುಕ್ಕಾಲು ಪಾಲು ಜನರಿಗೆ ಇರುವುದು ಕ್ಲಿಯರ್ ಸೆಲ್ ಜಾತಿ, ಹೆಚ್ಚಿನ ಔಷಧಗಳು ಪರೀಕ್ಷೆ ಆಗಿರುವುದೂ ಅವರ ಮೇಲೆಯೇ. ಹಾಗಾಗಿ ಜಾತಿ ಯಾವುದು ಅಂತ ತಿಳಿದದ್ದೇ ನನಗೆ ದೊಡ್ಡ ಸಮಾಧಾನ.

ಈಗ ಎರಡು ವಾರಕ್ಕೊಮ್ಮೆ ಬೆವಾಸಿಜುಮ್ಯಾಬ್ ಡ್ರಿಪ್. ದಿನಾ ಎರ್ಲೋಟಿನಿಬ್ ಮಾತ್ರೆ, ಅದೂ ಖಾಲಿ ಹೊಟ್ಟೆಯಲ್ಲಿ. ಸಿಗರೇಟು ಸೇದಿದರೆ ಮಾತ್ರೆಯ ಬಲ ಕಮ್ಮಿಯಾಗ್ತದೆ ಅಂದಿದ್ದಾರೆ, ಬಿಟ್ಟಿದ್ದಾನೆ ಪಾಪ. ಇದೇ ಕಾಯಿಲೆಯ 43 ಜನರಿಗೆ ಅಮೆರಿಕದಲ್ಲಿ ಈ ಎರಡು ಔಷಧ ಕೊಟ್ಟಾಗ 31 ಜನರಲ್ಲಿ ಗಡ್ಡೆ ಕುಗ್ಗಿತಂತೆ. ಅದರ ವರದಿ ಈ ವರ್ಷವೇ ಬಂದಿದೆ. ಪೂರ್ತಿ ಗುಣ ಅಂತಲ್ಲ. ಅರ್ಧದಷ್ಟು ಜನರಿಗೆ ಕಾಯಿಲೆ 21 ತಿಂಗಳವರೆಗಾದರೂ ಮುಂದುವರಿಯದೆ ನಿಂತಿತ್ತು. ಆ 21 ಅನ್ನು ನಾನು ಬಿಗಿಯಾಗಿ ಹಿಡಿದುಕೊಂಡಿದ್ದೇನೆ. ಅವನ ಮುಖದ ತುಂಬ ಗುಳ್ಳೆ ಎದ್ದಿದೆ, ಪೇಟೆ ಕಡೆ ಹೋಗುವುದಿಲ್ಲ ಅಂತಾನೆ. ಮಾತ್ರೆಗೆ ಹಾಗೆ ಆಗುತ್ತದೆ, ಅದಕ್ಕೆ ಮುಲಾಮು ಇದೆ.

ಬೆಂಗಳೂರಿನ ಡಾಕ್ಟರ್ ಕೇಳಿದ್ದು ಎರಡೇ ಪ್ರಶ್ನೆ. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೇ ಗರ್ಭಕೋಶದಲ್ಲಿ ಗಡ್ಡೆ ಆಗಿತ್ತಾ? ಚರ್ಮದ ಮೇಲೆ ಸಣ್ಣ ಗಂಟುಗಳು, ಚಳಿಗೆ ನೋಯುವಂಥವು? ಆ ಕೆಟ್ಟ ಜೀನ್ ಮನೆಯಲ್ಲಿ ಹರಿದು ಬಂದಿದ್ದರೆ ಇವೂ ಕಾಣುತ್ತವಂತೆ.

ಅಮ್ಮ! ತೋಳಿನ ಮೇಲೆ ಕೆಂಪು ಗಂಟುಗಳ ಸಾಲು. ಡಿಸೆಂಬರ್ ಬಂತೆಂದರೆ ಅಮ್ಮ ಒಲೆ ಮುಂದಿನಿಂದ ಏಳುತ್ತಿರಲಿಲ್ಲ. ಇಲ್ಲಿನ ಚಳಿಗೆ ಎಲ್ಲರಿಗೂ ಮೈಕೈ ನೋಯ್ತದೆ ಅಲ್ವಾ, ಯಾರಿಗೆ ತಾನೇ ಹೊಳೆಯಬೇಕು? ಮೂವತ್ತು ದಾಟುತ್ತಲೇ ಗರ್ಭಕೋಶ ತೆಗೆಸಿದ್ದರು. ಅಕ್ಕನಿಗೂ ಹೆಚ್ಚುಕಮ್ಮಿ ಅದೇ ವಯಸ್ಸಿಗೆ ತೆಗೆಸಿದ್ದು.

"ನಿನ್ನದೊಂದು ಟ್ಯೂಬು ರಕ್ತ ಸಾಕು," ಅಂದೆ. "ಆ ಕೆಟ್ಟ ಜೀನ್ ನಿನಗಿಲ್ಲ ಅಂತಾದರೆ ಅಮ್ಮನ ಕಡೆಯಿಂದ ಮಗಳಿಗೂ ಇಲ್ಲ. ಇದ್ದರೆ ಅವಳಿಗೆ ಬರುವುದು ಅರ್ಧಕ್ಕರ್ಧ. ಆಗಲೂ ವರ್ಷಕ್ಕೊಂದು ಎಂಆರ್‌ಐ ಮಾಡಿಸಿ, ಚಿಕ್ಕದು ಕಂಡ ಕೂಡಲೇ ತೆಗೆಸಬಹುದು. ತಮ್ಮನಿಗೆ ಆ ಅವಕಾಶ ಸಿಗಲಿಲ್ಲ."

"ಗಂಡಿನ ಕಡೆಯವರಿಗೆ ಏನಂತ ಹೇಳಲಿ?"

"ಅವರಿಗ್ಯಾಕೆ ಈಗ?"

"ಮುಚ್ಚಿಟ್ಟು ಮದುವೆ ಮಾಡಲಾ ಹಾಗಾದರೆ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳು ಕೇಳಿದ್ದು ನ್ಯಾಯವಾಗಿಯೇ ಇತ್ತು. ಮಾತಾಡುವಾಗೆಲ್ಲ ಎಡ ತೋಳು ಉಜ್ಜಿಕೊಳ್ಳುತ್ತಿದ್ದಳು, ಸ್ವೆಟರಿನ ಮೇಲಿಂದಲೇ. ನೋಡಿದೆ. ಕೇಳಲಿಲ್ಲ.

ನನ್ನ ರಿಪೋರ್ಟು ಬಂದಾಯಿತು. ನನಗಿಲ್ಲ. ಆ ಕಾಗದ ಬೀರುವಿನಲ್ಲೇ ಇದೆ, ಅಕ್ಕನ ಮುಂದಿಡಲು ಕೈ ಬರಲಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಮೂವರೂ.

ತಮ್ಮ ಎದ್ದು ಬಂದು, ಏನು ಇಬ್ಬರದೂ ಗುಸುಗುಸು ಅಂದ. ಮದುವೆ ಸೀರೆ ವಿಷಯ ಅಂದಳು ಅಕ್ಕ. ಅವನು ನಕ್ಕ. ಇವತ್ತು ಎರಡು ಅಕ್ಕಿರೊಟ್ಟಿ ತಿಂದ! ಎಷ್ಟು ಖುಷಿಯಾಯಿತು ಅಂದರೆ ಸುಮ್ನೆ ಅಡುಗೆಮನೆಗೆ ಹೋಗಿ ನಿಂತೆ.

ಅಕ್ಕನ ಮಗಳಿಗೆ ಇಪ್ಪತ್ತಾರು. ಅವಳ ಮೈ, ಅವಳ ಬದುಕು. ಹೋದ ವರ್ಷ ಸ್ಕ್ಯಾನಿಂಗ್‌ನಲ್ಲಿ ಫೈಬ್ರಾಯ್ಡ್, ಅಂದರೆ ಗರ್ಭಕೋಶದ ಗಡ್ಡೆ, ಇದೆ ಅಂದಿದ್ದರು ಬೇರೆ. ನಾನೇ ಅವಳಿಗೆ ಫೋನ್ ಮಾಡಿಬಿಟ್ಟರೆ ಅಕ್ಕ ನನ್ನ ಹತ್ತಿರ ಮಾತು ಬಿಡುತ್ತಾಳೆ. ಬಿಡಲಿ. ಆದರೆ ಅವಳಿಗೆ ಎಲ್ಲಿಂದ ಶುರು ಮಾಡಿ ಹೇಳಲಿ, ಅಜ್ಜಿಯ ತೋಳಿನಿಂದಲಾ, ಮಾವನ ಕಿಡ್ನಿಯಿಂದಲಾ?