ಹಸಿ ಮೆಕ್ಕೆಜೋಳ ಮಾರೋದಾ, ಒಣಗಿಸಿ ಮಾರೋದಾ?

ಅಕ್ಟೋಬರ್ ಕೊನೆ ಬಂತೆಂದರೆ ದಾವಣಗೆರೆ, ಜಗಳೂರು, ಹೊನ್ನಾಳಿ ಕಡೆ ಎಲ್ಲೆಲ್ಲೂ ಮೆಕ್ಕೆಜೋಳದ ರಾಶಿ. ಆಳು ಸಿಕ್ಕಾಗಲೇ ತೆನೆ ಮುರಿಸಬೇಕು, ಕಾಳು ಬಿಡಿಸುವ ಮಷಿನ್ ಬಂದಾಗಲೇ ಹಾಕಿಸಬೇಕು, ಸಂಜೆಯೊಳಗೆ ಟ್ರ್ಯಾಕ್ಟರ್ ಎಪಿಎಂಸಿ ಸೇರಬೇಕು. ಹೀಗೆ ಒಣಗಿಸದೆ ಓಡಿದರೆ ಮೂರ್ನಾಲ್ಕು ದಿನ ಉಳಿಯುತ್ತದೆ, ನಿಜ. ಅದಕ್ಕೆ ಕೊಟ್ಟ ಬೆಲೆ ಎಷ್ಟು ಎಂದು ಚೀಟಿಯ ಮೇಲೆ ಬರೆದು ನೋಡುವವರು ಕಡಿಮೆ.

20% ತೇವಾಂಶದ 100 ಕ್ವಿಂಟಲ್ ಕಾಳಿನಲ್ಲಿ 20 ಕ್ವಿಂಟಲ್ ನೀರು, 80 ಕ್ವಿಂಟಲ್ ಒಣ ಸರಕು. ಸರ್ಕಾರದ ಬೆಂಬಲ ಬೆಲೆಯ ಖರೀದಿಗೆ ತೇವಾಂಶ 14% ದಾಟಬಾರದು. ಅಲ್ಲಿಗೆ ಇಳಿಸಿದಾಗ ಎಷ್ಟು ಉಳಿಯುತ್ತದೆ ಎಂದರೆ 80ನ್ನು 0.86ರಿಂದ ಭಾಗಿಸಿ: 93 ಕ್ವಿಂಟಲ್. ತೇವಾಂಶ ಇಳಿದದ್ದು ಆರು ಅಂಕ, ತೂಕದಲ್ಲಿ ಹೋದದ್ದು ಏಳು ಕ್ವಿಂಟಲ್. 2025-26ರ ಬೆಂಬಲ ಬೆಲೆ 2,400 ರೂಪಾಯಿ ಹಿಡಿದರೆ ಒಣಗಿದ ಮಾಲಿಗೆ 2,23,200. (ಪೇಟೆ ಧಾರಣೆ ಬೇರೆ ಇದ್ದರೆ ಅದನ್ನೇ ಹಾಕಿಕೊಳ್ಳಿ.) ಹಸಿ ಮಾಲನ್ನು 2,000ಕ್ಕೆ ಕೇಳಿದರೆ ನಿಮ್ಮ ಕೈಯಿಂದ 23,200 ಜಾರಿತು. 2,200ಕ್ಕೆ ಕೇಳಿದರೆ ಅಂತರ ಬರೀ 3,200, ಒಣಗಿಸುವ ಆಳಿನ ಕೂಲಿಗೂ ಸಾಲದು. ಆಗ ಹಸಿಯಾಗಿಯೇ ಕೊಟ್ಟು ಮನೆಗೆ ಹೋಗುವುದು ಜಾಣತನ.

ಆದರೆ ಅತಿ ಅಗ್ಗದ ಒಣಗಿಸುವಿಕೆ ಕಣದಲ್ಲಿ ಆಗುವುದಲ್ಲ, ಹೊಲದಲ್ಲೇ ಆಗುವುದು. ತೆನೆಯ ನಡುವಿನಿಂದ ಒಂದು ಕಾಳು ಕಿತ್ತು, ಬೆಂಡಿಗೆ ಅಂಟಿದ್ದ ತುದಿಯನ್ನು ಉಗುರಿನಿಂದ ಕೆರೆಯಿರಿ. ಕಪ್ಪು ಪದರ ಕಂಡರೆ ಕಾಳು ಬಲಿತಿದೆ, ಇನ್ನು ತೂಕ ಕಟ್ಟುವುದಿಲ್ಲ. ಆದರೂ ಆಗ ಒಳಗೆ 30%ಕ್ಕೂ ಮೇಲೆ ನೀರಿರುತ್ತದೆ. ಒಳ್ಳೆ ಬಿಸಿಲಿದ್ದರೆ ನಿಂತ ಗಿಡದಲ್ಲೇ ದಿನಕ್ಕೆ ಅರ್ಧದಿಂದ ಒಂದು ಅಂಕ ಇಳಿಯುತ್ತದೆ. ಕೂಲಿ ಇಲ್ಲ, ತಾಡಪಾಲು ಇಲ್ಲ. ಎರಡು ವಾರ ಸುಮ್ಮನಿರಬೇಕು, ಅಷ್ಟೇ. ವಾಯುಭಾರ ಕುಸಿತದ ಸುದ್ದಿ ಬಂದರೆ, ದಂಟು ಬೀಳತೊಡಗಿದರೆ, ಹಂದಿ ನುಗ್ಗಿದರೆ ಮಾತ್ರ ಕಾಯುವ ಮಾತಿಲ್ಲ.

ಹಸಿ ತೆನೆಯನ್ನು ಮಷಿನ್‌ಗೆ ಕೊಟ್ಟರೆ ಕಾಳು ಜಜ್ಜಿ ಒಡೆಯುತ್ತದೆ. ಬೂಸ್ಟು ಮೊದಲು ಹಿಡಿಯುವುದು ಆ ಒಡಕಿಗೇ. ತೆನೆಯನ್ನೇ ಒಣಗಿಸಿ, 18%ರ ಆಸುಪಾಸಿಗೆ ಬಂದ ಮೇಲೆ ಹಾಕಿಸಿ.

ಕಣದಲ್ಲಿ ಕಾಳಿನ ದಪ್ಪ ಎರಡು ಇಂಚು ದಾಟಬಾರದು. ನಾಲ್ಕು ಇಂಚು ಹರಡಿದರೆ ಮೇಲಿನದು ಕಟಕಟ ಎನ್ನುತ್ತದೆ, ಅಡಿಯದು ಬೆವರುತ್ತದೆ, ಮಾದರಿ ತೆಗೆಯುವವನ ಕೈ ಅಡಿಗೇ ಹೋಗುತ್ತದೆ. ಗಂಟೆಗೊಮ್ಮೆ ಕಾಲಿನಿಂದ ಸಾಲು ಬಿಟ್ಟು ತಿರುವಬೇಕು. ಬರೀ ನೆಲದ ಮೇಲೆ ಹರಡಿದರೆ ಮಣ್ಣಿನ ತೇವ ಮೇಲೇರುತ್ತದೆ. ಡಾಂಬರು ರಸ್ತೆಯಲ್ಲಿ ಬೇಗ ಒಣಗುತ್ತದೆ ಎನ್ನುವುದು ಸರಿ, ಆದರೆ ಚಕ್ರಕ್ಕೆ ಸಿಕ್ಕು ಕಾಳು ಒಡೆಯುತ್ತದೆ, ಕಲ್ಲು ಸೇರುತ್ತದೆ, ರಾತ್ರಿ ಬೈಕಿನವರು ರಾಶಿ ಕಾಣದೆ ಬೀಳುತ್ತಾರೆ. ದಯವಿಟ್ಟು ಬೇಡ.

ಎಲ್ಲ ಸರಿಯಾಗಿ ಮಾಡಿಯೂ ಸಂಜೆ ಕೆಡಿಸಿಕೊಳ್ಳುವವರಿದ್ದಾರೆ. ಬಿಸಿಲಲ್ಲಿ ಕಾದ ಕಾಳನ್ನು ಗುಡ್ಡೆ ಮಾಡಿ ತಕ್ಷಣ ಪ್ಲಾಸ್ಟಿಕ್ ಮುಚ್ಚಿದರೆ ಒಳಗಿನ ಹಬೆ ತಾಡಪಾಲಿನ ಅಡಿಯಲ್ಲಿ ಹನಿಗಟ್ಟಿ ವಾಪಸ್ ಕಾಳಿನ ಮೇಲೇ ಇಳಿಯುತ್ತದೆ. ಮುಂಜಾನೆ ಕೈ ಹಾಕಿದರೆ ಮೇಲ್ಪದರ ತಣ್ಣಗೆ, ಒದ್ದೆ. ಹಿಂದಿನ ದಿನದ ಬಿಸಿಲು ಅಷ್ಟರಮಟ್ಟಿಗೆ ದಂಡ. ಗಂಟೆ ಹೊತ್ತು ಆರಲು ಬಿಟ್ಟು, ಇಬ್ಬನಿ ಬೀಳುವ ಮೊದಲು ಮುಚ್ಚಿ. ಬೆಳಗ್ಗೆ ಇಬ್ಬನಿ ಆರಿದ ಮೇಲೆಯೇ ತೆಗೆಯಿರಿ.

ತೇವಾಂಶ ಅಳೆಯುವ ಮೀಟರ್ ಇಲ್ಲದಿದ್ದರೆ ಉಪ್ಪು ಸಾಕು. ಪುಡಿ ಉಪ್ಪನ್ನು ಬಾಣಲೆಯಲ್ಲಿ ಹುರಿದು ಪೂರ್ತಿ ಆರಿಸಿ. ಒಣಗಿದ ಗಾಜಿನ ಬಾಟಲಿಯ ಮೂರನೇ ಒಂದು ಭಾಗ ಕಾಳು, ಎರಡು ಮೂರು ಚಮಚ ಉಪ್ಪು ಹಾಕಿ, ಮುಚ್ಚಳ ಬಿಗಿದು ಒಂದು ನಿಮಿಷ ಅಲ್ಲಾಡಿಸಿ, ಕಾಲು ಗಂಟೆ ಇಡಿ. ಗಾಜಿಗೆ ಉಪ್ಪು ಅಂಟಿದರೆ ತೇವಾಂಶ 15% ದಾಟಿದೆ. ಅಂಟದಿದ್ದರೆ ಅದಕ್ಕಿಂತ ಕಡಿಮೆ ಎಂದಷ್ಟೇ ಅರ್ಥ, 14% ಆಯಿತೆಂದಲ್ಲ. ಮಾರುವುದಕ್ಕಾದರೆ ಇನ್ನೊಂದು ದಿನ ಬಿಸಿಲು ಕೊಡಿ. ಚೀಲ ಕಟ್ಟಿ ತಿಂಗಳುಗಟ್ಟಲೆ ಇಡುವುದಾದರೆ 12%ಕ್ಕೆ ಇಳಿಸಲೇಬೇಕು. ಬೂಸ್ಟಿನಿಂದ ಅಫ್ಲಾಟಾಕ್ಸಿನ್ ವಿಷ ಹುಟ್ಟಿದ ಕಾಳನ್ನು ಆಮೇಲೆ ಎಷ್ಟು ಒಣಗಿಸಿದರೂ ಅದು ಹೋಗುವುದಿಲ್ಲ, ಕೋಳಿ ಆಹಾರದವರು ಮುಟ್ಟುವುದೂ ಇಲ್ಲ.